ಊದದೆ ಹುಟ್ಟಿದ ತುಂಬಿ

ಹೆಸರು ಊದಪ್ಪ. ವಯಸ್ಸು ಅರವತ್ತಾರು. ಕಸುಬು ಗಾಜು ಊದುವುದು. ಹೆಂಡತಿ ಒಬ್ಬಳು, ಮಗಳು ಒಬ್ಬಳು, ಕೈಕೆಳಗೆ ತಯಾರಾದ ಶಿಷ್ಯ ಒಬ್ಬ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅವನು ಗಾಜಿನ ಕಾರ್ಖಾನೆಯೊಳಗೆ ಕಾಲಿಟ್ಟ ದಿನವೇ ಅದು ಗೇಟಿನ ಹೊರಗೆ ಉಳಿದುಹೋಯಿತು. ಅದೇ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ ಒಣಹುಲ್ಲಿನ ನಡುವೆ ಸೀಸೆಗಳನ್ನು ಮಲಗಿಸುತ್ತಿದ್ದ ಹುಡುಗಿಯನ್ನು ಅವನು ಮದುವೆಯಾದಾಗ ಜೊತೆಯವರು ಅವಳಿಗೂ ಒಂದು ಹೆಸರು ಹುಡುಕಿದರು: ಹುಲ್ಲಮ್ಮ. "ಊದಪ್ಪ ಒಂದ್ಸಲ ಊದಿದ್ರೆ ಹುಲ್ಲಮ್ಮ ಹಾರ್‍ಹೋಗ್ತಾಳೆ" ಎಂದು ನಗುತ್ತಿದ್ದರು. ಹುಲ್ಲಮ್ಮ ಹಾರಿಹೋಗುವ ಪೈಕಿಯವಳಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಪ್ರಯೋಗಶಾಲೆಗಳಿಗೆ ಬೇಕಾದ ಗಾಜು: ಉದ್ದ ಕತ್ತಿನ ಸೀಸೆಗಳು, ಸುರುಳಿ ನಳಿಗೆಗಳು, ಗುಂಡು ಹೊಟ್ಟೆಯ ಪಾತ್ರೆಗಳು. ಹಿಂದೊಂದು ಕಾಲದಲ್ಲಿ ಮೀನುಗಾರರ ಬಲೆಗೆ ಕಟ್ಟುವ ತೇಲುಗುಂಡುಗಳನ್ನೂ ಊದುತ್ತಿದ್ದರು. ಕುಲುಮೆಯಲ್ಲಿ ಕರಗಿದ ಗಾಜನ್ನು ಅಲ್ಲಿಯವರು ಜೇನು ಎನ್ನುತ್ತಿದ್ದರು. ಉದ್ದನೆಯ ಕಬ್ಬಿಣದ ಊದುಗೊಳವೆಯ ತುದಿಗೆ ಆ ಜೇನನ್ನು ಸುತ್ತಿ ತೆಗೆದು, ತಿರುಗಿಸುತ್ತ ತಿರುಗಿಸುತ್ತ ಊದಬೇಕು. ಉಸಿರು ಹೆಚ್ಚಾದರೆ ಹೊಟ್ಟೆ ಒಡೆಯುತ್ತದೆ, ಕಡಿಮೆಯಾದರೆ ಜೋತುಬೀಳುತ್ತದೆ. ಊದಪ್ಪ ಊದಿದ ಪಾತ್ರೆಯನ್ನು ಎಲ್ಲಿ ಉಗುರಿನಿಂದ ತಟ್ಟಿದರೂ ಒಂದೇ ಸ್ವರ ಬರುತ್ತಿತ್ತು. ಅಷ್ಟು ಸಮವಾಗಿರುತ್ತಿತ್ತು ಅದರ ಗೋಡೆ. ಆ ಹೆಮ್ಮೆ ಅವನಿಗೆ ಸಾಕಷ್ಟು ಇತ್ತು. ಒಳಗೆ ಪೊಳ್ಳಿಲ್ಲದ ಗಟ್ಟಿ ಗಾಜಿನ ಕೆಲಸವೆಂದರೆ ಅವನಿಗೆ ತಾತ್ಸಾರ. "ಊದದೇ ಮಾಡಿದ್ದು ಗೋಲಿ. ಗೋಲಿ ಮಾಡೋಕೆ ಮೆಷಿನ್ ಸಾಕು, ಮನುಷ್ಯ ಬೇಡ" ಎನ್ನುತ್ತಿದ್ದ.

ಅಂಥವನ ಎದೆಯೊಳಗೆ, ಗಾಜಿಗೆಂದು ಕರಗಿಸುವ ಮರಳಿನ ಧೂಳು ಮನೆಮಾಡಿತು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಮೂರು ಮೆಟ್ಟಿಲು ಹತ್ತಿದರೆ ಅವನು ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಧಣಿ ಅವನನ್ನು ಕುಲುಮೆಯಿಂದ ಬಿಡಿಸಿ, ಸಿದ್ಧವಾದ ಮಾಲನ್ನು ತಟ್ಟಿ ನೋಡುವ ಕೆಲಸಕ್ಕೆ ಕೂರಿಸಿದ. ಅವನ ಜಾಗಕ್ಕೆ ಬಂದವನು ಶಿಷ್ಯ ಕೆಂಗಣ್ಣ. ಕುಲುಮೆಯ ಬಿಸಿಗೆ ಕಣ್ಣು ಸದಾ ಕೆಂಡದಂತಿರುತ್ತಿದ್ದ ಆ ನಲವತ್ತರ ಮನುಷ್ಯ ಸಾಧು, ಮಾತು ಕಡಿಮೆ, ಎದೆಯ ತುಂಬ ಉಸಿರು.

ಹೀಗಿರುವಾಗ ದೊಡ್ಡ ಮ್ಯೂಸಿಯಂನಿಂದ ಒಬ್ಬ ಮೇಡಂ ಬಂದರು. ಬೇರೆ ಲೋಕಗಳ ಸಮುದ್ರಗಳನ್ನು ಕಲ್ಪಿಸಿ ತೋರಿಸುವ ಒಂದು ಕೋಣೆಯನ್ನು ಅವರು ಹೊಸದಾಗಿ ಕಟ್ಟುತ್ತಿದ್ದರು. ಅದರ ನಡುವೆ ಇಡಲು ಗಾಜಿನ ಒಂದು ಪ್ರಾಣಿ ಬೇಕಿತ್ತು. ಧಣಿ ಊದಪ್ಪನನ್ನು ಕರೆಸಿದ.

"ಯಾವ ಪ್ರಾಣಿ, ಮೇಡಂ?"

"ಅದನ್ನ ನೀವೇ ಹೇಳ್ಬೇಕು. ದೂರದ ಒಂದು ಗ್ರಹ ಅಂದ್ಕೊಳ್ಳಿ. ಮೇಲೆಲ್ಲ ಮಂಜುಗಡ್ಡೆ, ಬೆಟ್ಟದಷ್ಟು ದಪ್ಪ. ಅದರ ಕೆಳಗೆ ಸಮುದ್ರ. ಬೆಳಕು ಅನ್ನೋದೇ ಇಲ್ಲ. ತಳದಲ್ಲಿ ಅಲ್ಲಲ್ಲಿ ಬಿಸಿನೀರಿನ ಬುಗ್ಗೆ. ನೀರಿನ ಭಾರ ಎಷ್ಟು ಅಂದ್ರೆ, ಒಂದೊಂದು ಉಗುರಿನ ಮೇಲೂ ಒಂದೊಂದು ಆನೆ ನಿಂತ ಹಾಗೆ."

"ಯಾರೂ ನೋಡದೇ ಇರೋದನ್ನ ಮಾಡಿದ್ರೆ ತಪ್ಪು ಹಿಡಿಯೋರು ಯಾರು?"

"ಯಾರೂ ಇಲ್ಲ. ಆದ್ರೆ ಅದು ಅಲ್ಲಿ ಬದುಕೋ ಹಾಗಿರ್ಬೇಕು. ಅಷ್ಟೇ ನಮ್ಮ ಷರತ್ತು."

"ಹಾಗಾದ್ರೆ ತಪ್ಪು ಹಿಡಿಯೋನೂ ನಾನೇ ಆಗ್ಬೇಕು" ಎಂದು ಊದಪ್ಪ ಒಪ್ಪಿಕೊಂಡ. ಇದು ತನ್ನ ಕೈಯ ಕಡೆಯ ಕೆಲಸವೆಂದು ಅವನಿಗೆ ಗೊತ್ತಿತ್ತು. ಅದನ್ನು ತಾನೇ, ತನ್ನ ಉಸಿರಿನಲ್ಲೇ ಮಾಡಿ ಮುಗಿಸಬೇಕು ಎಂಬುದೊಂದೇ ಆಸೆ ಅವನಲ್ಲಿ ಉಳಿದಿತ್ತು. ಮನೆಗೆ ಬಂದು ಹೆಂಡತಿಗೆ ಅದನ್ನೇ ಹೇಳಿದ. ಹುಲ್ಲಮ್ಮ ಬೇಡ ಎನ್ನಲಿಲ್ಲ. ಬೇಡ ಎಂದರೆ ಬದುಕಿರುವಾಗಲೇ ಅವನನ್ನು ಮೂಲೆಗಿಟ್ಟಂತೆ ಎಂದು ಅವಳಿಗೆ ಅನ್ನಿಸಿತ್ತು.

ಅವನು ಯೋಚಿಸಿದ ಪ್ರಾಣಿ ಗಂಟೆಯ ಆಕಾರದ್ದು. ಹೊಟ್ಟೆಯೊಳಗೆ ಹೊಟ್ಟೆ, ಅದರೊಳಗೆ ಇನ್ನೊಂದು ಹೊಟ್ಟೆ, ಮೂರರಲ್ಲೂ ಗಾಳಿ. ಗಾಳಿಯನ್ನು ಒಳಗಿಟ್ಟುಕೊಂಡು ಏಳುತ್ತ ಇಳಿಯುತ್ತ ಬದುಕುವ ಜೀವ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಕುಲುಮೆಯ ಸುತ್ತ ಜನ ಕಡಿಮೆ ಇರುವಾಗ, ಅವನು ಬಹಳ ದಿನಗಳ ಮೇಲೆ ಕೊಳವೆಯನ್ನು ಬಾಯಿಗಿಟ್ಟ. ಪ್ಯಾಕಿಂಗ್ ಕೋಣೆಯ ಬಾಗಿಲಲ್ಲಿ ಹುಲ್ಲಮ್ಮ ಕೈಯಲ್ಲಿ ಹುಲ್ಲು ಹಿಡಿದೇ ನಿಂತಿದ್ದಳು. ಮೊದಲ ಹೊಟ್ಟೆ ಎದ್ದಿತು. ಎರಡನೆಯದಕ್ಕೆ ಅವನ ಕತ್ತಿನ ನರಗಳು ಹಗ್ಗದಂತೆ ಬಿಗಿದವು. ಮೂರನೆಯದಕ್ಕೆ ಉಸಿರು ಬರಲಿಲ್ಲ. ಜೇನು ಒಂದು ಪಕ್ಕಕ್ಕೆ ಜೋತುಬೀಳತೊಡಗಿತು.

"ಗುರುಗಳೇ, ಇಳೀತಿದೆ, ಕೊಡಿ" ಎನ್ನುತ್ತ ಕೆಂಗಣ್ಣ ಹಾರಿ ಬಂದು ಕೊಳವೆಯನ್ನು ತೆಗೆದುಕೊಂಡೇಬಿಟ್ಟ. ಬೀಳುವ ಮಗುವನ್ನು ಹಿಡಿಯುವವನು ಕೇಳಿ ಹಿಡಿಯುತ್ತಾನೆಯೇ? ಅವನು ಒಂದೇ ಉಸಿರಿಗೆ ಮೂರನೆಯ ಹೊಟ್ಟೆಯನ್ನು ಎಬ್ಬಿಸಿ, ತಿರುಗಿಸಿ ನಿಲ್ಲಿಸಿದ. ಊಟ ಬಿಟ್ಟು ಬಂದವರು ಭೇಷ್ ಎಂದರು. ಊದಪ್ಪ ಇಕ್ಕಳದಿಂದ ಆ ಪ್ರಾಣಿಯನ್ನು ಕೊಳವೆಯಿಂದ ಬಿಡಿಸಿದ, ಎಲ್ಲರ ಕಣ್ಣೆದುರೇ ಒಡಕು ಗಾಜಿನ ತೊಟ್ಟಿಗೆ ಹಾಕಿದ.

"ಅದು ನಿನ್ನ ಉಸಿರು. ಅದಕ್ಕೆ ನನ್ನ ಹೆಸರು ಯಾಕೋ?"

ಧಣಿ ಸಮಾಧಾನಕ್ಕೆ ಬಂದ. "ಊದಪ್ಪಾ, ಕೆಂಗಣ್ಣ ಊದ್ಲಿ, ನೀನು ಪಕ್ಕದಲ್ಲಿ ಕೂತು ಹೇಳು. ಹೆಸರು ನಿಂದೇ ಹಾಕಿಸ್ತೀನಿ. ಕೋಣೆ ತೆಗೆಯೋ ಹೊತ್ತಿಗೆ ಪ್ರಾಣಿ ಅಲ್ಲಿರ್ಬೇಕು, ಅಷ್ಟೇ ನಂಗೆ."

"ಬೇರೆಯವರ ಎಂಜಲು ಉಸಿರಲ್ಲಿ ಹುಟ್ಟಿದ್ದು ನನ್ನ ಕೂಸಲ್ಲ, ಧಣಿ" ಎಂದವನು ಮನೆಗೆ ಹೋದ.

ಅಂದಿನಿಂದ ಅವನು ತುಟಿ ಎರಡು ಮಾಡಲಿಲ್ಲ. ಕನ್ನಡದಲ್ಲಿ ಉಸುರುವುದೆಂದರೆ ಮಾತಾಡುವುದು ಎಂದೂ ಅರ್ಥವಿದೆ. ಊದಪ್ಪನ ಪಾಲಿಗೆ ಊದುವ ಉಸಿರು, ಆಡುವ ಮಾತು ಎರಡೂ ಒಟ್ಟಿಗೇ ನಿಂತವು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ದಂಡೆಯ ಮೇಲಿದ್ದ ಹಸಿರು ತೇಲುಗುಂಡನ್ನು ನೋಡುತ್ತಿದ್ದ. ಮದುವೆಯಾದ ವರ್ಷ ಅವನೇ ಊದಿ, ಅದರ ಬಾಯಿ ಬೆಸೆದು ಮುಚ್ಚಿ, ಮನೆಗೆ ತಂದ ಗುಂಡು ಅದು. ಹುಲ್ಲಮ್ಮ ಕೆಲಸಕ್ಕೆ ಹೋಗುವಾಗ ಹೇಗೆ ಕೂತಿರುತ್ತಿದ್ದನೋ, ಬರುವಾಗಲೂ ಹಾಗೇ ಕೂತಿರುತ್ತಿದ್ದ.

ಮಗಳು ಬಸ್ ಕಂಡಕ್ಟರ್. ಪಾಳಿ ಮುಗಿಸಿ, ಖಾಕಿ ಅಂಗಿಯಲ್ಲೇ ತವರಿಗೆ ಬಂದವಳು ಅಪ್ಪನ ಎದುರು ಕೂತು ಕೇಳಿದಳು: "ಏನಪ್ಪಾ, ಬಾಯಿಗೆ ಬೀಗ ಹಾಕ್ಕೊಂಡು ಕೀಲಿಕೈ ಯಾರ ಹತ್ರ ಕೊಟ್ಟಿದ್ದೀಯ?"

"ನನ್ನ ಹತ್ರ ಅಂತೂ ಕೊಟ್ಟಿಲ್ಲ" ಎಂದಳು ಹುಲ್ಲಮ್ಮ ಒಳಗಿನಿಂದ. "ಕೊಟ್ಟಿದ್ರೆ ಯಾವತ್ತೋ ತೆಗೀತಿದ್ದೆ."

"ಅಪ್ಪಾ, ಆ ಸಮುದ್ರ ಹೇಗಿದೆ ಅಂತ ನನಗಾದ್ರೂ ಹೇಳು. ಸೀಟು ಖಾಲಿ ಇದ್ರೆ ನಾನೂ ಒಂದ್ಸಲ ಹೋಗಿಬರ್ತೀನಿ."

ಮಗಳ ಮಾತಿಗೆ ಅವನು ಕರಗಿದ. ಉಸಿರಿಗಾಗಿ ನಡುನಡುವೆ ನಿಲ್ಲಿಸುತ್ತ, ಮಂಜಿನ ಸೂರು, ಕತ್ತಲೆ, ಬುಗ್ಗೆ, ಉಗುರಿನ ಮೇಲೆ ನಿಂತ ಆನೆ, ಎಲ್ಲವನ್ನೂ ಹೇಳಿದ. ತನ್ನ ಮೂರು ಹೊಟ್ಟೆಯ ಗಂಟೆಯನ್ನೂ ಕೈಯಲ್ಲಿ ಬರೆದು ತೋರಿಸಿದ. ಹುಲ್ಲಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ನಿಮ್ಮ ಪ್ರಾಣಿ ಹುಟ್ಟಿದ ಗಳಿಗೆಗೇ ಚೂರು ಚೂರು" ಎಂದಳು.

"ಯಾಕೆ?"

"ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸ್ತೀವಲ್ಲ, ಕೆಳಗಿನ ಪೆಟ್ಟಿಗೇಲಿ ಯಾವ ಸೀಸೆ ಒಡೆಯುತ್ತೆ ಹೇಳ್ರೀ. ಹೊಟ್ಟೆ ಒಳಗೆ ಹುಲ್ಲು ತುಂಬದೇ ಬಿಟ್ಟಿರ್ತೀವಲ್ಲ, ಅದೇ. ಭಾರ ಬಿದ್ರೆ ಪೊಳ್ಳು ತಡೆಯಲ್ಲ. ಬಲೆಗೆ ಕಟ್ಟಿದ ನಿಮ್ಮ ತೇಲುಗುಂಡುಗಳೂ ಆಳಕ್ಕೆ ಹೋದ್ರೆ ಒಡೆದು ಬರ್ತಿದ್ವು, ಮರೆತುಹೋಯ್ತಾ? ಅಂಥಾ ಆನೆ ಭಾರದ ನೀರಲ್ಲಿ ಗಾಳಿ ತುಂಬಿದ ಮೂರು ಹೊಟ್ಟೆ ಇಟ್ಕೊಂಡು ಯಾವುದು ಬದುಕುತ್ತೆ? ಒಳಗೂ ಹೊರಗಿನಷ್ಟೇ ನೀರು ತುಂಬಿರ್ಬೇಕು. ಒಂದು ಸಾಸಿವೆ ಕಾಳಿನಷ್ಟೂ ಖಾಲಿ ಜಾಗ ಇರ್ಬಾರದು. ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ, ತುಂಬಿದ್ದು ಒಡೆಯೋದೂ ಇಲ್ಲ."

ಊದಪ್ಪ ದಂಡೆಯ ಮೇಲಿನ ತೇಲುಗುಂಡಿನ ಕಡೆ ತಿರುಗಿದ. ತಪ್ಪು ಹಿಡಿಯುವವನು ತಾನೇ ಎಂದು ಒಪ್ಪಿಬಂದವನಿಗೆ ತನ್ನ ತಪ್ಪು ಈಗ ಕಂಡಿತ್ತು. ಅದು ಗಾಜು ಊದುವವನು ಮಾತ್ರ ಮಾಡಬಹುದಾದ ತಪ್ಪು.

"ನಾನು ಹುಟ್ಟಿದಾಗಿಂದ ಪೊಳ್ಳು ಬಿಟ್ರೆ ಬೇರೇನೂ ಮಾಡಿಲ್ವಲ್ಲೇ" ಎಂದ ಕಡೆಗೆ.

"ಅದಕ್ಕೇ ಅದೊಂದೇ ಗೊತ್ತು ನಿಮಗೆ."

"ಗಟ್ಟಿ ಗಾಜು ಅಂದ್ರೆ ಗೋಲಿ ಕೆಲಸ ಕಣೇ."

"ಆಗ್ಲಿ. ಗೋಲಿ ಆದ್ರೂ ಅಲ್ಲಿ ಬದುಕುತ್ತೆ. ಆಮೇಲೆ, ಗೋಲಿ ಮಾಡೋಕೆ ಉಸಿರು ಬೇಡ."

ಕೊನೆಯ ಮಾತು ಹೇಳಿದ ಕೂಡಲೇ ಅವಳು ಒಳಗೆ ಹೋದಳು. ಅದು ಅವನಿಗೆ ತಗಲುತ್ತದೆಂದು ಅವಳಿಗೆ ಗೊತ್ತಿತ್ತು. ತಗಲಲಿ ಎಂದೇ ಹೇಳಿದ್ದಳು. ಹೊರಗಿನಿಂದ ಮಗಳು ನಕ್ಕ ಸದ್ದು ಕೇಳಿತು, ಅದರ ಹಿಂದೆಯೇ ಊದಪ್ಪ ಕೆಮ್ಮಿದ ಸದ್ದು, ಆಮೇಲೆ ಅವನ ದನಿ: "ನಾಳೆ ಬೆಳಗಿನ ನಿನ್ನ ಬಸ್ಸಲ್ಲಿ ನಂಗೊಂದು ಸೀಟು ಹಿಡ್ಕೋ."

ಕಾರ್ಖಾನೆಯ ಹಿಂದೆ ಒಂದು ಸಣ್ಣ ಕೋಣೆಯಿತ್ತು. ಮುರಿದ ನಳಿಗೆಗಳನ್ನು ಬೆಸೆಯಲು ಅಲ್ಲಿ ಗ್ಯಾಸಿನ ಕಿರುಜ್ವಾಲೆ ಇಟ್ಟಿದ್ದರು. ಊದಪ್ಪ ಕಿಟಕಿಯನ್ನು ತೆರೆಸಿ, ಜ್ವಾಲೆಯ ಮುಂದೆ ಕುರ್ಚಿ ಹಾಕಿಸಿಕೊಂಡ. ಗಾಜಿನ ಕಡ್ಡಿಯನ್ನು ಬೆಂಕಿಗೆ ಹಿಡಿದು, ಮೆತ್ತಗಾದ ತುದಿಯನ್ನು ಮುದ್ದೆಗೆ ಮುದ್ದೆ ಸೇರಿಸುತ್ತ, ಚಿಮಟದಿಂದ ಎಳೆಯುತ್ತ ಕಲಿತ. ಅರವತ್ತಾರರ ಮನುಷ್ಯ ಹೊಸ ಕೆಲಸ ಕಲಿತ ಎಂಬುದನ್ನು ಇಲ್ಲಿ ಬರೆದಿಡಬೇಕು. ತಡವಾಗಿ ಕಲಿಯುವವರನ್ನು ನೋಡಿ ನಗುವವರಿಗೆ ಕಲಿಕೆಯ ಕಷ್ಟವೂ ಗೊತ್ತಿಲ್ಲ, ಅದರ ಘನತೆಯೂ ಗೊತ್ತಿಲ್ಲ.

ಪ್ರಾಣಿ ದಿನದಿಂದ ದಿನಕ್ಕೆ ಬೆಳೆಯಿತು. ಮಧ್ಯಾಹ್ನ ಊಟದ ಡಬ್ಬಿ ತರುವ ನೆವದಲ್ಲಿ ಹುಲ್ಲಮ್ಮ ಅದನ್ನು ನೋಡಿ ಹೋಗುತ್ತಿದ್ದಳು. ತೊಟ್ಟಿಕ್ಕಲು ಸಿದ್ಧವಾದ ಹನಿಯಂಥ ದೇಹ, ಒಳಗೆಲ್ಲ ತುಂಬು. ಕೆಳಗೆ ಬಟ್ಟಲಿನಂಥ ಒಂದೇ ಪಾದ. ಅದರಿಂದ ಬುಗ್ಗೆಯ ಪಕ್ಕದ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಬಾಯಿ ಇಲ್ಲ. ನೆತ್ತಿಯಿಂದ ಕೂದಲಿನಷ್ಟು ಸಣ್ಣ ಎಳೆಗಳು ನೂರಾರು. ಬಿಸಿನೀರು ಹರಿದು ಬಂದಾಗ ಅದರಲ್ಲಿರುವ ಸತ್ವವನ್ನು ಆ ಎಳೆಗಳೇ ಹೀರುತ್ತವೆ. ಒಂದು ದಿನ ಅವಳು ಬಂದಾಗ ದೇಹಕ್ಕೆ ಎರಡು ಕಪ್ಪು ಚುಕ್ಕೆಗಳು ಬಂದಿದ್ದವು.

"ಇದೇನ್ರೀ ಇದು?"

"ಕಣ್ಣು. ಕಣ್ಣಿಲ್ದೇ ಇದ್ರೆ ನೋಡೋರಿಗೆ ಅದು ಪ್ರಾಣಿ ಅನ್ಸಲ್ಲ."

"ದೀಪಾನೇ ಇಲ್ಲದ ಮನೇಲಿ ಕನ್ನಡಿ ಯಾಕೆ? ತೆಗೀರಿ."

ಅವನು ಗೊಣಗುತ್ತಲೇ ತೆಗೆದ. "ಹೆಸರಾದ್ರೂ ನಾನಿಡಬಹುದೋ, ಅದಕ್ಕೂ ನಿನ್ನ ಕೇಳ್ಬೇಕೋ?"

"ಇಡಿ. ಕೇಳೋಣ."

"ತುಂಬಿ."

"ಅದು ಹೂವಿಗೆ ಬರೋ ಹುಳ ಅಲ್ವೇನ್ರೀ?"

"ಹಾರೋ ತುಂಬಿ ಅದು. ಇದು ತುಂಬಿರೋ ತುಂಬಿ. ನೀನೇ ಹೇಳಿದ್ದು ತಾನೇ."

ಹುಲ್ಲಮ್ಮ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೆಂಬಂತೆ ಅದರ ಜೊತೆ ಹೆಣಗುತ್ತ ನಿಂತಳು.

ಗಾಜಿಗೆ ಒಂದು ಸ್ವಭಾವವಿದೆ. ಬೆಂಕಿಯಿಂದ ತೆಗೆದದ್ದನ್ನು ಬೇಗ ತಣ್ಣಗಾಗಲು ಬಿಟ್ಟರೆ ಹೊರಮೈ ಬಿಗಿದುಕೊಂಡು, ಒಳಮೈ ಇನ್ನೂ ಕುದಿಯುತ್ತಿರುತ್ತದೆ. ಆಮೇಲೆ ಯಾವಾಗಲೋ ತಾನಾಗಿಯೇ ಸೀಳುತ್ತದೆ. ಕಾರ್ಖಾನೆಯವರು ಅದನ್ನು ಗಾಜಿನ ಸಿಟ್ಟು ಎನ್ನುತ್ತಾರೆ. ಸಿಟ್ಟು ಇಳಿಯಲೆಂದೇ ಎಲ್ಲವನ್ನೂ ಬಿಸಿಗೂಡಿನಲ್ಲಿಟ್ಟು, ನಿಧಾನವಾಗಿ ಆರಲು ಬಿಡುತ್ತಾರೆ. ಊದಪ್ಪ ತುಂಬಿಯನ್ನು ಗೂಡಿನಲ್ಲಿಟ್ಟು, ಸೀಸೆಗಳಿಗೆ ಬಿಡುವಷ್ಟೇ ಹೊತ್ತು ಬಿಟ್ಟ. ಕೈಯ ರೂಢಿ ಅದು. ಮರುದಿನ ತೆಗೆದಾಗ ತುಂಬಿ ಇಡಿಯಾಗಿಯೇ ಇತ್ತು. ಮೇಜಿನ ಮೇಲೆ ಇಟ್ಟು, ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ, ಯಾರೂ ಮುಟ್ಟದೆ, ಟಪ್ ಎಂದು ನೆತ್ತಿಯಿಂದ ಪಾದದವರೆಗೆ ಸೀಳಿತು.

ಕೆಂಗಣ್ಣ ಮುಖ ಆ ಕಡೆ ತಿರುಗಿಸಿಕೊಂಡ.

"ಪೊಳ್ಳಿಗೆ ಇರೋ ಸಿಟ್ಟು ಒಂದು ರಾತ್ರೀದು" ಎಂದ ಊದಪ್ಪ, ತನಗೇ ಹೇಳಿಕೊಳ್ಳುವಂತೆ. "ಗಟ್ಟಿ ಇರೋದರ ಸಿಟ್ಟು ಬೇಗ ಇಳಿಯಲ್ಲ. ವಾರ ಬೇಕು. ನಂಗೆ ಹೊಳೀಲೇ ಇಲ್ಲ ನೋಡು." ಕೆಂಗಣ್ಣನ ಕಡೆ ತಿರುಗಿ, "ಕಡ್ಡಿ ತಂದ್ಕೊಡೋ. ಇನ್ನೊಂದು ಮಾಡ್ತೀನಿ" ಎಂದ. ಶಿಷ್ಯನನ್ನು ಅವನು ಮಾತಾಡಿಸಿದ್ದು ಕೊಳವೆ ಕಿತ್ತುಕೊಂಡ ದಿನದ ನಂತರ ಅದೇ ಮೊದಲು. ಕೆಂಗಣ್ಣ ಓಡಿದ.

ಎರಡನೆಯದು ಅರ್ಧವಾಗುವ ಹೊತ್ತಿಗೆ ಊದಪ್ಪನ ಕಾಲುಗಳು ಊದಿಕೊಂಡಿದ್ದವು. ಬಸ್ಸಿನ ಮುಂದಿನ ಸೀಟಿನಲ್ಲಿ ಹುಲ್ಲಮ್ಮ ಅವನ ಪಕ್ಕ ಕೂತು ಬರುತ್ತಿದ್ದಳು. ಹಿಂದೆ ಮಗಳ ಸೀಟಿ, ಟಿಕೆಟ್ ಟಿಕೆಟ್ ಎಂಬ ಕೂಗು. ಒಂದು ಸಂಜೆ ಹುಲ್ಲಮ್ಮ ಕೇಳಿದಳು: "ಅಲ್ಲಾ, ಅದು ಹೇಗೆ ತಿನ್ನುತ್ತೆ, ಹೇಗೆ ನಿಲ್ಲುತ್ತೆ ಎಲ್ಲಾ ಹೇಳಿದ್ರಿ. ಹೇಗೆ ಸಾಯುತ್ತೆ?"

"ಸಾಯಲ್ಲ ಬಿಡೇ. ನಾನು ಮಾಡಿದ್ದು, ನನ್ನಿಷ್ಟ."

"ಸಾಯದ್ದು ಪ್ರಾಣಿ ಅಲ್ಲ. ಕಲ್ಲು."

ಊದಪ್ಪ ಕಿಟಕಿಯ ಹೊರಗೆ ನೋಡುತ್ತ ಎರಡು ನಿಲ್ದಾಣ ದಾಟಿದ. ಆಮೇಲೆ, ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತ, ಹೇಳಿದ: "ಬುಗ್ಗೆ ಒಂದಿನ ತಣ್ಣಗಾಗುತ್ತೆ. ಆಗ ಅದು ಪಾದ ಬಿಡುತ್ತೆ. ತನ್ನಷ್ಟಕ್ಕೆ ಮೇಲೆ ಹೋಗುತ್ತೆ, ಮೆಲ್ಲಗೆ, ಮಂಜಿನ ಸೂರಿನ ತನಕ. ಅಲ್ಲಿ ಅಂಟ್ಕೊಂಡು ಮಂಜೇ ಆಗಿಬಿಡುತ್ತೆ." ಸ್ವಲ್ಪ ತಡೆದು, "ಒಂದ್ಸಲ ಪಾದ ಬಿಟ್ಟ ಮೇಲೆ ಅದನ್ನ ಹಿಡಿದು ಎಳೆದು ಮತ್ತೆ ಕಲ್ಲಿಗೆ ಅಂಟಿಸೋಕೆ ಹೋಗ್ಬಾರದು. ಯಾರೂನೂ. ತಿಳೀತಾ?"

ಹುಲ್ಲಮ್ಮನಿಗೆ ತಿಳಿಯಿತು. ಆಸ್ಪತ್ರೆಗೆ ಸೇರಿಸಿ, ಗಂಟಲಿಗೆ ಕೊಳವೆ ಹಾಕಿ, ಮೆಷಿನ್‌ನಿಂದ ಉಸಿರಾಡಿಸಬಹುದು ಎಂದು ವೈದ್ಯರು ಹೇಳಿದ್ದನ್ನು ಅವಳು ಗಂಡನ ಮುಂದೆ ಎತ್ತಿರಲಿಲ್ಲ. ಅವನಿಗೆ ಅದು ಗೊತ್ತೇ ಇತ್ತು ಎಂದು ಈಗ ಗೊತ್ತಾಯಿತು. ಜೀವಮಾನವಿಡೀ ಕೊಳವೆಯೊಳಗೆ ಊದಿದವನು ಕೊಳವೆಯಿಂದ ಊದಿಸಿಕೊಳ್ಳಲು ಒಪ್ಪಲಾರ.

"ಆಗ್ಲಿ" ಎಂದಳು.

ಎರಡನೆಯ ತುಂಬಿಯ ಕೊನೆಯ ಎಳೆಯನ್ನು ಎಳೆದ ದಿನ ಊದಪ್ಪ ಅದನ್ನು ತಾನೇ ಗೂಡಿನೊಳಗಿಟ್ಟು, ಬಾಗಿಲು ಮುಚ್ಚಿ, ಕೆಂಗಣ್ಣನಿಗೆ ಬಿಸಿ ಇಳಿಸುವ ಕ್ರಮವನ್ನು ಹೇಳಿದ. ಇನ್ನೊಂದು ವಾರ ಯಾರೂ ತೆಗೆಯಕೂಡದು ಎಂದ. ಆ ವಾರ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ, ಕಿಟಕಿಯ ಪಕ್ಕದ ಮಂಚದಲ್ಲಿ ಅವನ ಉಸಿರು ಮೇಲುಮೇಲಕ್ಕೆ ಬಂತು. ಮಗಳು ಓಡಿಬಂದು ಆಂಬುಲೆನ್ಸ್‌ಗೆ ಫೋನ್ ಮಾಡಲು ಹೊರಟಳು.

"ಬೇಡಮ್ಮಾ" ಎಂದಳು ಹುಲ್ಲಮ್ಮ. "ಪಾದ ಬಿಟ್ಟಾಗಿದೆ. ಎಳೀಬಾರದು ಅಂತ ನಂಗೆ ಹೇಳಿದಾರೆ."

"ಅಮ್ಮಾ, ನೀನು ಕಲ್ಲೇನಮ್ಮಾ?"

"ಈಗ ಕಲ್ಲಾಗ್ಲೇಬೇಕು. ಬಾ, ಕೈ ಹಿಡ್ಕೋ."

ಮಗಳು ಫೋನನ್ನು ಕೆಳಗಿಟ್ಟು ಒಂದು ಕೈ ಹಿಡಿದಳು. ಇನ್ನೊಂದನ್ನು ಹುಲ್ಲಮ್ಮ ಹಿಡಿದಿದ್ದಳು. ಬಿಸಿಲು ತೇಲುಗುಂಡಿನ ಮೇಲೆ ಬೀಳುವ ಹೊತ್ತಿಗೆ ಅವನು ಹೋಗಿದ್ದ.

ಮಧ್ಯಾಹ್ನ ಕೆಂಗಣ್ಣ ಬಂದ. ಕಣ್ಣು ಎಂದಿಗಿಂತ ಕೆಂಪಾಗಿತ್ತು. "ಅಕ್ಕಾ, ಧಣಿ ಹೇಳ್ತಿದಾರೆ, ಗೂಡು ತೆಗೆದು ತುಂಬೀನ ತಂದುಬಿಡು ಅಂತ. ಗುರುಗಳ ಪಕ್ಕ ಒಂದು ಗಳಿಗೆ ಇಡೋಣ. ಅವರು ಮಾಡಿದ್ದನ್ನ ಅವರೇ ನೋಡ್ಲಿಲ್ಲ ಅಂತಾಗ್ಬಾರದು."

ಮನೆಯ ತುಂಬ ಇದ್ದ ಜನ ಹೌದೆಂದರು. ನೆರೆಮನೆಯ ಅಜ್ಜಿ, "ತರಿಸಮ್ಮಾ, ಜೀವಕ್ಕೆ ಸಮಾಧಾನ" ಎಂದಳು. ಹುಲ್ಲಮ್ಮನಿಗೂ ಆಸೆಯಾಯಿತು. ಗಂಡನ ಬರಿಗೈಯ ಪಕ್ಕ ಅದನ್ನು ಇಟ್ಟು ನೋಡುವ ಆಸೆ ಗಂಟಲಿನವರೆಗೆ ಬಂತು. ಅವಳು ಅದನ್ನು ನುಂಗಿದಳು.

"ಬೇಡ. ಅದರ ಸಿಟ್ಟು ಇನ್ನೂ ಇಳಿದಿಲ್ಲ. ಈಗ ತೆಗೆದ್ರೆ ಒಡೆಯುತ್ತೆ."

"ಅಕ್ಕಾ..."

"ವಾರ ಅಂದಿದಾರೆ ನಿನ್ನ ಗುರುಗಳು. ವಾರ ಆಗ್ಲಿ. ಹೋಗಿ ಗೂಡು ಕಾಯಿ. ಯಾರಾದ್ರೂ ಬಾಗಿಲಿಗೆ ಕೈ ಹಾಕಿದ್ರೆ ನನ್ನ ಹೆಸರು ಹೇಳು."

ಅವನನ್ನು ಮಣ್ಣಿಗೆ ಕೊಟ್ಟು ಬಂದ ಮೇಲೂ ಗೂಡು ಮೆಲ್ಲಗೆ ಆರುತ್ತಿತ್ತು. ವಾರ ತುಂಬಿದ ದಿನ ಹುಲ್ಲಮ್ಮ ತಾನೇ ಹೋಗಿ ಬಾಗಿಲು ತೆಗೆದಳು. ತುಂಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದು ಕಂಡದ್ದಕ್ಕಿಂತ ಭಾರವಾಗಿತ್ತು. ಮೇಜಿನ ಮೇಲಿಟ್ಟು, ಗಂಡ ಮಾಡುತ್ತಿದ್ದಂತೆ ಉಗುರಿನಿಂದ ತಟ್ಟಿದಳು. ಪೊಳ್ಳು ಗಾಜಿನ ಕಿಣಿ ಸದ್ದು ಬರಲಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟಂಥ ಗಿಡ್ಡ, ಗಟ್ಟಿ ಸದ್ದೊಂದು ಬಂದು ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ತುಂಬಿ ಒಡೆಯಲಿಲ್ಲ. ಅದನ್ನು ಹುಲ್ಲಿನಲ್ಲಿ ಮಲಗಿಸಿ ಪೆಟ್ಟಿಗೆ ಕಟ್ಟುವ ಕೆಲಸವನ್ನು ಅವಳು ಬೇರೆಯವರಿಗೆ ಬಿಡಲಿಲ್ಲ.

ಊದಪ್ಪ ಬಿಟ್ಟುಹೋದದ್ದು ಇಷ್ಟು:

ಬಾಯಿಯ ಕಡೆ ಹಲ್ಲಿನ ಗುರುತು ಬಿದ್ದ ಊದುಗೊಳವೆ. ಅದು ಈಗ ಕೆಂಗಣ್ಣನ ಬಳಿ ಇದೆ. ಹುಲ್ಲಮ್ಮನೇ ಕರೆದು ಕೊಟ್ಟಳು.

ಒಂದು ಜೊತೆ ಚಪ್ಪಲಿ, ಎಡಗಾಲಿನದು ಹೆಚ್ಚು ಸವೆದದ್ದು.

ಮಗಳ ಕೈಬೆರಳುಗಳು. ಥೇಟ್ ಅಪ್ಪನವೇ.

ಸೀಳಿದ ಮೊದಲ ತುಂಬಿಯ ಎರಡು ಹೋಳು. ಒಡಕಿನ ತೊಟ್ಟಿಗೆ ಹಾಕಲು ಯಾರಿಗೂ ಮನಸ್ಸಾಗದೆ ಆ ಸಣ್ಣ ಕೋಣೆಯಲ್ಲೇ ಇವೆ. ಹೊಸದಾಗಿ ಬಂದವರಿಗೆ ಗಾಜಿನ ಸಿಟ್ಟು ಎಂದರೇನು ಎಂದು ಅವನ್ನು ತೋರಿಸಿ ಹೇಳುತ್ತಾರೆ.

ಊರೂರಿನ ಪ್ರಯೋಗಶಾಲೆಗಳಲ್ಲಿ ಎಷ್ಟೋ ಸೀಸೆಗಳು. ಯಾರ ಹೆಸರೂ ಇಲ್ಲದವು.

ಕಿಟಕಿಯ ದಂಡೆಯ ಮೇಲೆ ಹಸಿರು ತೇಲುಗುಂಡು. ಅದರೊಳಗೆ ಅಪ್ಪನ ಉಸಿರಿದೆ ಎನ್ನುತ್ತಾಳೆ ಮಗಳು. ಗಾಳಿ ಇದೆ ಎನ್ನುತ್ತಾಳೆ ಹುಲ್ಲಮ್ಮ. ಒರೆಸುವಾಗ ಮಾತ್ರ ಒಂದು ಕೈಯಲ್ಲಿ ಹಿಡಿಯುವುದಿಲ್ಲ.

ಮ್ಯೂಸಿಯಂನ ಕತ್ತಲೆ ಕೋಣೆಯ ನಡುವೆ, ಕಪ್ಪು ಕಲ್ಲೊಂದರ ಮೇಲೆ ಪಾದ ಊರಿ ನಿಂತ, ಕಣ್ಣಿಲ್ಲದ, ಬಾಯಿಲ್ಲದ, ಒಳಗೆ ಸಾಸಿವೆ ಕಾಳಿನಷ್ಟೂ ಖಾಲಿ ಇಲ್ಲದ ಪ್ರಾಣಿ ಒಂದು. ಕೆಳಗಿನ ಫಲಕದಲ್ಲಿ ಅದರ ಹೆಸರು ಇದೆ, ಮಾಡಿದವನ ಹೆಸರೂ ಇದೆ: ತುಂಬಿ. ಊದಪ್ಪ.